ಡೇರೆ ಗೆಡ್ಡೆ: ನೆಡುವುದರಿಂದ ಎತ್ತಿಡುವವರೆಗೆ

ಪ್ರಶ್ನೆ: ಕಳೆದ ವರ್ಷ ಡೇರೆ ಹೂ ಮುಗಿದ ಮೇಲೆ ಗೆಡ್ಡೆ ಕಿತ್ತು, ತೊಳೆದು, ಅರ್ಧ ಪ್ಲಾಸ್ಟಿಕ್ ಚೀಲದಲ್ಲೂ ಅರ್ಧ ರಟ್ಟಿನ ಪೆಟ್ಟಿಗೆಯಲ್ಲೂ ಇಟ್ಟಿದ್ದೆ. ಚೀಲದವು ಕೊಳೆತವು, ಪೆಟ್ಟಿಗೆಯವು ಒಣಗಿ ಸುಕ್ಕಾದವು. ನೋಡಲು ಚೆನ್ನಾಗಿದ್ದ ಕೆಲವನ್ನು ನೆಟ್ಟರೆ ಎರಡು ತಿಂಗಳಾದರೂ ಚಿಗುರಲಿಲ್ಲ. ಅಗೆದು ನೋಡಿದರೆ ಗೆಡ್ಡೆ ಗಟ್ಟಿಯಾಗೇ ಇತ್ತು. ತಪ್ಪಿದ್ದೆಲ್ಲಿ? ನೆಡುವುದರಿಂದ ಹಿಡಿದು ಎತ್ತಿಡುವವರೆಗೆ ತಿಳಿಸಿಕೊಡಿ.

ಉತ್ತರ: ಗಟ್ಟಿಯಾಗಿದ್ದೂ ಚಿಗುರದ ಆ ಗೆಡ್ಡೆಗಳಿಂದಲೇ ಶುರು ಮಾಡೋಣ. ಅದು ಅರ್ಥವಾದರೆ ಮಿಕ್ಕದ್ದು ಅರ್ಧ ಅರ್ಥವಾದ ಹಾಗೆ.

ಆಲೂಗಡ್ಡೆ ನೆಲದೊಳಗೆ ಬೆಳೆಯುವ ಕಾಂಡ. ಅದರ ಮೈತುಂಬ ಕಣ್ಣುಗಳಿರುತ್ತವೆ, ಕಣ್ಣಿರುವ ಯಾವ ತುಂಡು ನೆಟ್ಟರೂ ಗಿಡವಾಗುತ್ತದೆ. ಡೇರೆಯ ಗೆಡ್ಡೆ ಹಾಗಲ್ಲ, ಅದು ಉಬ್ಬಿದ ಬೇರು. ಅದರ ಮೈಮೇಲೆ ಎಲ್ಲಿ ಹುಡುಕಿದರೂ ಕಣ್ಣು ಸಿಗುವುದಿಲ್ಲ. ಕಣ್ಣುಗಳಿರುವುದು ಹಳೆಯ ಕಾಂಡದ ಬುಡದಲ್ಲಿ, ಗೆಡ್ಡೆಗಳೆಲ್ಲ ಬಂದು ಸೇರುವ ಗಂಟಿನ ಸುತ್ತ. ಗೆಡ್ಡೆಯ ದಪ್ಪ ಭಾಗಕ್ಕೂ ಈ ಬುಡಗಂಟಿಗೂ ನಡುವೆ ಪೆನ್ಸಿಲಿನಷ್ಟು, ಕೆಲವು ತಳಿಗಳಲ್ಲಿ ಅದಕ್ಕಿಂತಲೂ ಸಣ್ಣದಾದ ಕುತ್ತಿಗೆ ಇರುತ್ತದೆ. ಹೊಸ ಗಿಡವಾಗಬೇಕಾದರೆ ಮೂರೂ ಬೇಕು: ಗೆಡ್ಡೆ, ಮುರಿಯದ ಕುತ್ತಿಗೆ, ಕಣ್ಣಿರುವ ಬುಡಗಂಟಿನ ಒಂದು ಚೂರು. ಕಣ್ಣಿಲ್ಲದ ಗೆಡ್ಡೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗೇ ಇರುತ್ತದೆ, ಎಳೆಬೇರು ಸಹ ಬಿಡುತ್ತದೆ, ಆದರೆ ಎಂದೂ ಚಿಗುರುವುದಿಲ್ಲ. ನಿಮ್ಮ ಗೆಡ್ಡೆಗಳಿಗೆ ಆದದ್ದು ಬಹುಮಟ್ಟಿಗೆ ಇದೇ. ಕೀಳುವಾಗಲೋ ತೊಳೆಯುವಾಗಲೋ ಗೊಂಚಲಿನಿಂದ ಕಳಚಿ ಬಿದ್ದ ಬಿಡಿ ಗೆಡ್ಡೆಗಳವು. ದಪ್ಪ ನೋಡಿ ಆರಿಸುವ ಅಭ್ಯಾಸ ಬಿಡಿ. ಹೆಬ್ಬೆರಳಿನಷ್ಟೇ ಇದ್ದರೂ ಕಣ್ಣಿರುವ ಗೆಡ್ಡೆ ಪೂರ್ತಿ ಗಿಡ ಕೊಡುತ್ತದೆ.

ಬೀಜದಿಂದ ಬೆಳೆದರೆ ಈ ಪಾಡೆಲ್ಲ ಯಾಕೆ ಎಂದು ಕೇಳಬಹುದು. ಬಹಳಷ್ಟು ಗಿಡಗಳಲ್ಲಿ ಕ್ರೋಮೋಸೋಮ್‌ಗಳ ಎರಡು ಪ್ರತಿಗಳಿದ್ದರೆ ತೋಟದ ಡೇರೆಯಲ್ಲಿ ಎಂಟು ಪ್ರತಿಗಳಿವೆ. ಹಾಗಾಗಿ ಬೀಜದ ಸಸಿ ತಾಯಿಯ ಬಣ್ಣ, ಆಕಾರವನ್ನು ಉಳಿಸಿಕೊಳ್ಳುವುದೇ ಇಲ್ಲ. ಮೆಚ್ಚಿದ ತಳಿ ಮುಂದಿನ ವರ್ಷವೂ ಹಾಗೇ ಬೇಕೆಂದರೆ ಗೆಡ್ಡೆ, ಇಲ್ಲವೇ ಚಿಗುರಿನ ಕಟಿಂಗ್, ಎರಡೇ ದಾರಿ.

ಗೆಡ್ಡೆ ಚಳಿಗಾಲ ದಾಟುತ್ತದೋ ಇಲ್ಲವೋ ಎಂಬುದು ಪೆಟ್ಟಿಗೆಗೆ ತುಂಬುವ ದಿನ ತೀರ್ಮಾನವಾಗುವುದಲ್ಲ. ಅರ್ಧಕ್ಕಿಂತ ಹೆಚ್ಚು ಬೆಳೆಸುವ ಕಾಲದಲ್ಲೇ ತೀರ್ಮಾನವಾಗಿರುತ್ತದೆ. ಡೇರೆಯ ತವರು ಮೆಕ್ಸಿಕೋದ ಎತ್ತರದ ಬೆಟ್ಟಪ್ರದೇಶ. ಅಲ್ಲಿ ಬೇಸಿಗೆಯಲ್ಲಿ ಮಳೆ, ಚಳಿಗಾಲ ಒಣ. ಆ ಒಣಗಾಲ ಕಳೆಯುವುದಕ್ಕೆಂದೇ ಗಿಡ ಗೆಡ್ಡೆ ಕಟ್ಟಿಕೊಳ್ಳುತ್ತದೆ. ಬೆಳೆಯುವಾಗ ತೇವ, ತಂಪು ರಾತ್ರಿ, ಚೆನ್ನಾದ ಬಿಸಿಲು, ನಿದ್ದೆಯ ಕಾಲದಲ್ಲಿ ತಂಪು ಮತ್ತು ಒಣ ವಾತಾವರಣ: ಇದನ್ನೇ ನಾವೂ ಒದಗಿಸಬೇಕು.

ಮಣ್ಣಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೆಡಿ. ಅದಕ್ಕಿಂತ ತಣ್ಣಗಿರುವ ಒದ್ದೆ ಮಣ್ಣಿನಲ್ಲಿ ಗೆಡ್ಡೆ ಚಿಗುರುವ ಮೊದಲೇ ಕೊಳೆಯುತ್ತದೆ. ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಮಣ್ಣಿನ ಪಿಎಚ್ 6.5ರ ಆಸುಪಾಸು ಇದ್ದರೆ ಒಳ್ಳೆಯದು. ಜಿಗುಟು ಮಣ್ಣಾದರೆ ಎಲೆಗೊಬ್ಬರ, ದಪ್ಪ ಮರಳು ಸೇರಿಸಿ ಏರುಮಡಿ ಮಾಡಿ. 10ರಿಂದ 15 ಸೆಂ.ಮೀ. ಆಳದ ಗುಂಡಿಯಲ್ಲಿ ಗೆಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲ್ಮುಖವಾಗಿರಲಿ. ಮಧ್ಯಮ ಗಾತ್ರದ ತಳಿಗಳಿಗೆ ಗಿಡದಿಂದ ಗಿಡಕ್ಕೆ 45-60 ಸೆಂ.ಮೀ., ತಟ್ಟೆಯಗಲದ ಹೂ ಬಿಡುವ ಎತ್ತರದ ತಳಿಗಳಿಗೆ 75-90 ಸೆಂ.ಮೀ. ಬಿಡಿ. ಆನಿಕೆಯ ಕೋಲನ್ನು ಗೆಡ್ಡೆ ಇಡುವಾಗಲೇ ನೆಟ್ಟುಬಿಡಿ. ಗಿಡ ಎದೆಯೆತ್ತರ ಬಂದ ಮೇಲೆ ಚುಚ್ಚಿದರೆ ಆ ಕೋಲು ಯಾವ ಗೆಡ್ಡೆಯನ್ನು ಸೀಳುತ್ತದೋ ಗೊತ್ತಾಗುವುದಿಲ್ಲ.

ನೆಟ್ಟ ದಿನ ನೀರು ಹೊಯ್ಯುವುದು ಕೈಗೆ ಬಂದುಬಿಟ್ಟ ಅಭ್ಯಾಸ. ಡೇರೆಗೆ ಅದು ಬೇಡ. ಮಣ್ಣು ಮೊದಲೇ ಹದವಾಗಿ ತೇವವಿದ್ದರೆ ಚಿಗುರು ನೆಲದ ಮೇಲೆ ಕಾಣುವವರೆಗೆ ನೀರು ಕೊಡಬೇಡಿ. ಆಗಿನ್ನೂ ನೀರು ಹೀರಲು ಬೇರಿಲ್ಲ, ಗೆಡ್ಡೆಯೊಳಗಿನ ನೀರೇ ಮೊಳಕೆಗೆ ಸಾಕು. ಚಿಗುರು ಮೇಲೆ ಬರಲು ಎರಡರಿಂದ ಐದು ವಾರ ಹಿಡಿಯಬಹುದು. ಮೇಲೆ ಬಂದ ಎಳೆಚಿಗುರನ್ನು ಬಸವನಹುಳುಗಳು ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ, ಆ ದಿನಗಳಲ್ಲಿ ಸಂಜೆ ಟಾರ್ಚ್ ಹಿಡಿದು ನೋಡಿ ಆರಿಸಿ ತೆಗೆಯುವುದೇ ನಂಬಬಹುದಾದ ಉಪಾಯ. ಗಿಡ ನಿಂತ ಮೇಲೆ ಮಾತ್ರ ನೀರಿಗೆ ಜಿಪುಣತನ ಬೇಡ. ವಾರಕ್ಕೆ ಎರಡು ಮೂರು ಸಲ, ಬೇರಿನ ಆಳಕ್ಕೆ ಇಳಿಯುವಂತೆ ಕೊಡಿ. ದಿನವೂ ಮೇಲ್ಮಣ್ಣು ಮಾತ್ರ ನೆನೆಸುವುದರಿಂದ ಬೇರು ಮೇಲೇ ಉಳಿಯುತ್ತದೆ.

ಗಿಡ 30-40 ಸೆಂ.ಮೀ. ಎತ್ತರವಾಗಿ ನಾಲ್ಕು ಜೊತೆ ಎಲೆ ಬಿಟ್ಟಾಗ ನಾಲ್ಕನೆಯ ಜೊತೆಯ ಮೇಲೆ ಕುಡಿ ಚಿವುಟಿ. ಮೊದಲ ಹೂ ಎರಡು ಮೂರು ವಾರ ತಡವಾಗುತ್ತದೆ, ಆದರೆ ಎಲೆಸಂದುಗಳಿಂದ ಕವಲೊಡೆದು ಗಿಡ ತುಂಬಿಕೊಳ್ಳುತ್ತದೆ. ದೊಡ್ಡ ಹೂ ಬೇಕಿದ್ದರೆ ಪ್ರತಿ ಕವಲಿನ ತುದಿಯಲ್ಲಿ ಮೂರು ಮೊಗ್ಗು ಒಟ್ಟಿಗೆ ಬಂದಾಗ ನಡುವಿನದನ್ನು ಉಳಿಸಿ ಅಕ್ಕಪಕ್ಕದ ಎರಡನ್ನು ತೆಗೆಯಿರಿ. ಬಾಡಿದ ಹೂಗಳನ್ನು ಕೀಳುತ್ತಲೇ ಇರಿ. ಬಾಡಿದ ಹೂವೂ ಹೊಸ ಮೊಗ್ಗೂ ಒಂದೇ ತರಹ ಕಾಣುತ್ತವೆ ಎಂಬ ಗೊಂದಲ ಹಲವರಿಗಿದೆ: ಮೊಗ್ಗು ಗುಂಡಗೆ, ತುದಿ ಚಪ್ಪಟೆ, ಬಾಡಿ ಮುಚ್ಚಿಕೊಂಡದ್ದು ಉದ್ದಕ್ಕೆ ಚೂಪಾಗಿರುತ್ತದೆ.

ಗೊಬ್ಬರದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕೊಳೆಯುವ ಗೆಡ್ಡೆಗಳ ಮೂಲ ಅನೇಕ ಸಲ ಇಲ್ಲೇ ಇರುತ್ತದೆ. ಸಾರಜನಕ ಹೆಚ್ಚಾದರೆ ಗಿಡ ಹಸಿರಾಗಿ ಸೊಕ್ಕುತ್ತದೆ, ಹೂ ಕಡಿಮೆ ಬಿಡುತ್ತದೆ, ನೆಲದೊಳಗೆ ಕಟ್ಟುವ ಗೆಡ್ಡೆ ನೀರು ತುಂಬಿಕೊಂಡು ಮೆತ್ತಗಿರುತ್ತದೆ. ಅಂಥ ಗೆಡ್ಡೆ ನೋಡಲು ಭಾರಿಯಾಗಿದ್ದರೂ ಎತ್ತಿಟ್ಟರೆ ಬಾಳುವುದಿಲ್ಲ. ನೆಡುವಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಗುಂಡಿಗೆ ಎರಡು ಬೊಗಸೆಯಷ್ಟು ಸಾಕು, ಅದೂ ಗೆಡ್ಡೆಗೆ ನೇರ ತಾಗದಂತೆ. ಮೊಗ್ಗು ಶುರುವಾದ ಮೇಲೆ ಪೊಟ್ಯಾಶ್ ಹೆಚ್ಚಿರುವ, ಸಾರಜನಕ ಕಡಿಮೆಯಿರುವ ಗೊಬ್ಬರವನ್ನು ಮೂರು ನಾಲ್ಕು ವಾರಕ್ಕೊಮ್ಮೆ ಕೊಡಿ. ಗೆಡ್ಡೆ ಎತ್ತುವ ಸುಮಾರು ಎರಡು ತಿಂಗಳು ಮೊದಲೇ ಸಾರಜನಕ ಪೂರ್ತಿ ನಿಲ್ಲಿಸಿ. ಹಗಲು 12 ಗಂಟೆಗಿಂತ ಕಡಿಮೆಯಾಗುತ್ತ ಬಂದ ಹಾಗೆ ಗಿಡ ತಾನು ತಯಾರಿಸಿದ ಆಹಾರವನ್ನು ಗೆಡ್ಡೆಗೆ ಇಳಿಸತೊಡಗುತ್ತದೆ. ಆ ಹೊತ್ತಿನಲ್ಲಿ ಹೊಸ ಎಲೆ ಚಿಗುರಿಸಲು ಗೊಬ್ಬರ ಸುರಿದರೆ ಗೆಡ್ಡೆಗೆ ಹೋಗಬೇಕಾದದ್ದನ್ನು ನಾವೇ ತಡೆದಂತೆ.

ಕೀಟಗಳಲ್ಲಿ ಹೇನು, ಥ್ರಿಪ್ಸ್, ಬಿಸಿ ಒಣಹವೆಯಲ್ಲಿ ನುಸಿ ಮುಖ್ಯ. ಎಲೆಯಡಿಗೆ ಜೋರಾಗಿ ನೀರು ಚಿಮ್ಮಿಸುವುದು, ಬೇವಿನೆಣ್ಣೆ ಸಿಂಪಡಿಸುವುದು ಬಹಳಷ್ಟು ಸಲ ಸಾಕಾಗುತ್ತದೆ. ಹೆಚ್ಚು ಎಚ್ಚರ ಬೇಕಿರುವುದು ಮೊಸಾಯಿಕ್ ನಂಜುರೋಗಕ್ಕೆ. ಎಲೆಯ ನರಗಳ ಉದ್ದಕ್ಕೂ ತಿಳಿಹಳದಿ ಪಟ್ಟೆ, ಮುದುರಿದ ಎಲೆ, ಕುಳ್ಳಾದ ಗಿಡ ಅದರ ಗುರುತು. ಹೇನುಗಳಿಂದ ಹರಡುತ್ತದೆ, ಔಷಧವಿಲ್ಲ, ಗೆಡ್ಡೆಯೊಳಗೂ ಇರುತ್ತದೆ. ಅಂಥ ಗಿಡಕ್ಕೆ ಬಣ್ಣದ ದಾರ ಕಟ್ಟಿಟ್ಟು ಆಮೇಲೆ ನೋಡೋಣ ಎನ್ನಬೇಡಿ, ಗೆಡ್ಡೆ ಸಮೇತ ಕಿತ್ತು ನಾಶಮಾಡಿ. ದಾರ ಕಟ್ಟುವುದು ಉಳಿದ ಗಿಡಗಳಿಗೆ ಬೇಕು: ಹೂ ಇರುವಾಗಲೇ ಪ್ರತಿ ಬುಡಕ್ಕೂ ತಳಿಯ ಹೆಸರು, ಬಣ್ಣ ಬರೆದ ಚೀಟಿ ಕಟ್ಟಿ. ಕಿತ್ತ ಮೇಲೆ ಎಲ್ಲ ಗೆಡ್ಡೆಯೂ ಒಂದೇ.

ಯಾವಾಗ ಎತ್ತಬೇಕು? ಗಿಡ ನೆಲದಲ್ಲಿ ಕನಿಷ್ಠ 120 ದಿನವಾದರೂ ಬೆಳೆದಿರಬೇಕು. ಅವಸರದಲ್ಲಿ ಎತ್ತಿದ ಗೆಡ್ಡೆಯ ಸಿಪ್ಪೆ ಎಳಸು, ನೀರು ಬೇಗ ಆರಿಹೋಗುತ್ತದೆ. ಹಿಮ ಬೀಳುವ ಕಡೆ ಮೊದಲ ಹಿಮಕ್ಕೆ ಎಲೆ ಕಪ್ಪಾದದ್ದೇ ಸೂಚನೆ. ಎಲೆ ಸುಟ್ಟರೂ ನೆಲದೊಳಗಿನ ಗೆಡ್ಡೆಗೆ ತಕ್ಷಣ ಏನೂ ಆಗುವುದಿಲ್ಲ, ಮಣ್ಣೇ ಹೆಪ್ಪುಗಟ್ಟುವಷ್ಟರಲ್ಲಿ ಎತ್ತಿದರಾಯಿತು. ಹಿಮವೇ ಬೀಳದ ಕಡೆ ಹೂ ಕಡಿಮೆಯಾಗಿ ಕೆಳಗಿನ ಎಲೆ ಹಳದಿಯಾಗತೊಡಗಿದಾಗ ನೀರು ನಿಲ್ಲಿಸುತ್ತ ಬನ್ನಿ, ಎರಡು ಮೂರು ವಾರದಲ್ಲಿ ಗಿಡ ಬಾಗುತ್ತದೆ. ನಿದ್ದೆಯ ಕಾಲ ಒಣಗಿರುವ, ನೀರು ಬಸಿದುಹೋಗುವ ಮಣ್ಣಾದರೆ ಗೆಡ್ಡೆಯನ್ನು ನೆಲದಲ್ಲೇ ಬಿಡಬಹುದು, ಮೇಲೆ ದಪ್ಪ ಹೊದಿಕೆ ಹಾಕಿದರೆ ಸಾಕು. ನಿದ್ದೆಯ ಕಾಲದಲ್ಲೇ ಮಳೆ ಸುರಿಯುವ ಕಡೆ ಮಾತ್ರ ಬಿಡಬೇಡಿ. ಚಳಿಗಿಂತ ಹೆಚ್ಚು ಗೆಡ್ಡೆ ಕೊಲ್ಲುವುದು ನಿಂತ ನೀರು.

ಎತ್ತುವ ಕ್ರಮ ಹೀಗೆ. ಕಾಂಡವನ್ನು ನೆಲದಿಂದ 10-15 ಸೆಂ.ಮೀ. ಬಿಟ್ಟು ಕತ್ತರಿಸಿ. ಒಂದು ವಾರ ಹಾಗೇ ನೆಲದಲ್ಲಿ ಬಿಟ್ಟರೆ ಬುಡಗಂಟಿನ ಕಣ್ಣುಗಳು ಸ್ವಲ್ಪ ಉಬ್ಬಿ ಗುರುತು ಹಿಡಿಯಲು ಸುಲಭ. ಮಳೆ ಬರುವಂತಿದ್ದರೆ ಕಾಯಬೇಡಿ: ಡೇರೆಯ ಕಾಂಡ ಟೊಳ್ಳು, ಕತ್ತರಿಸಿದ ಬಾಯಲ್ಲಿ ನೀರು ಇಳಿದು ನೇರ ಬುಡಗಂಟಿನಲ್ಲಿ ನಿಂತುಬಿಡುತ್ತದೆ. ಕಾಂಡದಿಂದ 30 ಸೆಂ.ಮೀ. ದೂರದಲ್ಲಿ ಸುತ್ತಲೂ ಫೋರ್ಕ್ ಇಳಿಸಿ ಮಣ್ಣು ಸಡಿಲಿಸಿ, ಆಮೇಲೆ ಅಡಿಯಿಂದ ಎಬ್ಬಿಸಿ. ಕಾಂಡ ಹಿಡಿದು ಮೇಲಕ್ಕೆಳೆಯಬೇಡಿ. ಎಳೆದಾಗ ಕುತ್ತಿಗೆಗಳು ಮುರಿಯುತ್ತವೆ, ಮುರಿದದ್ದು ಎಲ್ಲ ಸಲವೂ ಕಣ್ಣಿಗೆ ಕಾಣುವುದಿಲ್ಲ. ಹೊರಗಿನ ಸಿಪ್ಪೆ ಹಿಡಿದುಕೊಂಡಿದ್ದು ಒಳಗಿನ ನಾರು ತುಂಡಾಗಿರುತ್ತದೆ. ಒಂದೊಂದೇ ಗೆಡ್ಡೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿ. ಕುತ್ತಿಗೆ ಬಿರುಸಾಗಿದ್ದರೆ ಸರಿ, ಬಾಗಿಲ ತಿರುಗಣಿಯ ಹಾಗೆ ಆಡಿದರೆ ಅದನ್ನು ಕಿತ್ತುಹಾಕಿ. ಪೆಟ್ಟಿಗೆಯೊಳಗೆ ಕೊಳೆ ಶುರುವಾಗುವುದು ಅಂಥ ಕುತ್ತಿಗೆಯಿಂದಲೇ.

ತೊಳೆಯಬೇಕೇ ಬೇಡವೇ ಎಂದು ಡೇರೆ ಬೆಳೆಯುವವರಲ್ಲಿ ಎರಡು ಪಕ್ಷಗಳಿವೆ. ಮರಳು ಮಣ್ಣಾದರೆ ಕೊಡವಿದರೆ ಸಾಕು. ಜಿಗುಟು ಮಣ್ಣಾದರೆ ತೊಳೆಯಲೇಬೇಕು, ಅಂಟಿದ ಮಣ್ಣಿನಡಿ ತೇವವೂ ಶಿಲೀಂಧ್ರವೂ ಉಳಿಯುತ್ತವೆ, ಕಣ್ಣೂ ಕಾಣುವುದಿಲ್ಲ. ತೊಳೆದದ್ದು ನಿಮ್ಮ ತಪ್ಪಲ್ಲ, ಆರಿಸದೆ ಚೀಲ ಕಟ್ಟಿದ್ದು ತಪ್ಪು. ಗೊಂಚಲನ್ನು ಕಾಂಡ ಕೆಳಮುಖವಾಗುವಂತೆ ತಲೆಕೆಳಗಾಗಿಟ್ಟು, ಗಾಳಿಯಾಡುವ ನೆರಳಲ್ಲಿ 24ರಿಂದ 48 ಗಂಟೆ ಆರಲು ಬಿಡಿ. ಸಿಪ್ಪೆಯ ಮೇಲೆ ತೇವದ ಹೊಳಪು ಹೋದರೆ ಸಾಕು. ಬಿಸಿಲಿಗೆ ಹಾಕಬೇಡಿ, ನಾಲ್ಕೈದು ದಿನ ಮರೆತು ಬಿಡಬೇಡಿ, ಸಣ್ಣ ಗೆಡ್ಡೆಗಳು ಅಷ್ಟರಲ್ಲೇ ಸುಕ್ಕುತ್ತವೆ.

ಗೊಂಚಲನ್ನು ಬಿಡಿಸುವುದು ಈಗಲೋ ಚಿಗುರುವ ಮುನ್ನವೋ? ಈಗ ಬುಡಗಂಟು ಮೆತ್ತಗಿದ್ದು ಚಾಕು ಸಲೀಸಾಗಿ ಇಳಿಯುತ್ತದೆ, ಇಡಲು ಜಾಗವೂ ಕಡಿಮೆ ಸಾಕು. ಆದರೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮೂರು ತಿಂಗಳ ನಂತರ ಕಣ್ಣು ಸ್ಪಷ್ಟ, ಆದರೆ ಗಂಟು ಕಟ್ಟಿಗೆಯಂತಾಗಿರುತ್ತದೆ. ಹೊಸಬರು ಗೊಂಚಲು ಹಾಗೇ ಇಟ್ಟು ಚಿಗುರುವ ಮುನ್ನ ಬಿಡಿಸುವುದು ಮೇಲು. ಕಣ್ಣಿಲ್ಲದ ಗೆಡ್ಡೆಗಳನ್ನು ಜೋಪಾನ ಮಾಡುವ ವ್ಯರ್ಥ ಶ್ರಮ ತಪ್ಪುತ್ತದೆ. ಹೇಗೇ ಆದರೂ ಈಗಲೇ ಮಾಡಬೇಕಾದ ಒಂದು ಕೆಲಸವಿದೆ. ಗೊಂಚಲಿನ ನಡುವೆ ಕಪ್ಪಗೆ, ಒರಟಾಗಿ ಕಾಣುವ ಗೆಡ್ಡೆಯೊಂದಿರುತ್ತದೆ. ಅದು ನೀವು ನೆಟ್ಟಿದ್ದ ತಾಯಿಗೆಡ್ಡೆ. ಮೊದಲು ಕೊಳೆಯುವುದು ಹೆಚ್ಚಾಗಿ ಅದೇ, ಕತ್ತರಿಸಿ ತೆಗೆಯಿರಿ. ಕೂದಲಿನಂಥ ಬೇರು, ಇಲಿಬಾಲದಂತೆ ಸಣ್ಣಗೆ ಎಳೆದುಕೊಂಡ ತುದಿಗಳನ್ನೂ ಕತ್ತರಿಸಿ.

ಬಿಡಿಸುವುದಾದರೆ ಮೊದಲು ಗೊಂಚಲನ್ನು ಕಾಂಡದ ನಡುವೆ ಎರಡಾಗಿ ಸೀಳಿ, ಆಮೇಲೆ ಒಂದೊಂದು ಗೆಡ್ಡೆಗೂ ಗಂಟಿನ ಚೂರು ಉಳಿಯುವಂತೆ ಕೊಯ್ಯಿರಿ. ಕಣ್ಣು ಸಾಸಿವೆ ಕಾಳಿನಷ್ಟು ಸಣ್ಣ ಉಬ್ಬಾಗಿ, ಕೆಲವು ತಳಿಗಳಲ್ಲಿ ಕೆಂಪಾಗಿ, ಕೆಲವಲ್ಲಿ ಬಿಳಿಯಾಗಿ ಕಾಣುತ್ತದೆ. ಒಂದು ಗೊಂಚಲು ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಚಾಕುವನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಅದ್ದಿ ಒರೆಸಿ. ಬುಡದಲ್ಲಿ ಹೂಕೋಸಿನ ಹಾಗೆ ಗಂಟುಗಂಟಾಗಿ ಬೆಳೆದಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಗಂಟುರೋಗ. ಸುತ್ತಲಿನ ಮಣ್ಣಿನೊಂದಿಗೆ ತೆಗೆದು ಬಿಸಾಡಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಕೊಯ್ದ ಬಾಯಿಗೆ ಗಂಧಕದ ಪುಡಿ ಹಚ್ಚಿ ಒಂದು ದಿನ ಆರಲು ಬಿಡಿ. ಗೆಡ್ಡೆಯ ಮೈಮೇಲೇ ಮಾರ್ಕರ್ ಪೆನ್ನಿನಿಂದ ಹೆಸರು ಬರೆದರೆ ಚೀಟಿ ಕಳೆಯುವ ಭಯವಿಲ್ಲ.

ಇನ್ನು ಚೀಲ ಮತ್ತು ಪೆಟ್ಟಿಗೆ. ಎತ್ತಿಟ್ಟ ಗೆಡ್ಡೆಯೂ ಉಸಿರಾಡುತ್ತಿರುತ್ತದೆ, ನೀರು ಬಿಡುತ್ತಿರುತ್ತದೆ. ಆ ನೀರು ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಗೆಡ್ಡೆಯ ಮೇಲೇ ಹನಿಗಟ್ಟಿ ಕೊಳೆ. ದಾರಿ ತೀರ ಸಲೀಸಾದರೆ ಸುಕ್ಕು. ರಟ್ಟು ತಾನೇ ತೇವ ಹೀರಿ ಹೊರಗೆ ಬಿಡುತ್ತದೆ, ಅದರೊಳಗೆ ಬರಿ ಗೆಡ್ಡೆ ಇಟ್ಟದ್ದರಿಂದ ನಿಮ್ಮವು ಒಣಗಿದವು. ಬೇಕಾದ್ದು 4ರಿಂದ 10 ಡಿಗ್ರಿ ಉಷ್ಣತೆ, ಗೆಡ್ಡೆಯ ಸುತ್ತ ಶೇಕಡಾ 80ರ ಆಸುಪಾಸಿನ ಆರ್ದ್ರತೆ, ಕತ್ತಲೆ. ಸೊನ್ನೆಗಿಂತ ಕೆಳಗಿಳಿದರೆ ಗೆಡ್ಡೆಯೊಳಗಿನ ನೀರು ಹೆಪ್ಪುಗಟ್ಟಿ ಕೋಶಗಳು ಒಡೆಯುತ್ತವೆ, ಕರಗಿದ ಮೇಲೆ ಉಳಿಯುವುದು ಲೋಳೆ. 12 ಡಿಗ್ರಿ ಮೀರಿದರೆ ಅಕಾಲದಲ್ಲಿ ಚಿಗುರುತ್ತದೆ, ಇಲ್ಲವೇ ಬೇಗ ಒಣಗುತ್ತದೆ. ಜಾಗ ಗೊತ್ತುಮಾಡುವ ಮೊದಲು ಅಲ್ಲೊಂದು ಥರ್ಮಾಮೀಟರ್ ಇಟ್ಟು ಒಂದು ವಾರ ರಾತ್ರಿ ಹಗಲು ನೋಡಿ. ಗೋಡೆಯ ಬದಿಗೂ ಕಪಾಟಿನ ಒಳಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಆಗ ಗೊತ್ತಾಗುತ್ತದೆ.

ತುಂಬಲು ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಖನಿಜದ ಚೂರು) ಎಲ್ಲಕ್ಕಿಂತ ಒಳ್ಳೆಯದು, ಹೆಚ್ಚಾದ ತೇವ ಹೀರುತ್ತದೆ, ಬೇಕಾದಾಗ ಬಿಡುತ್ತದೆ. ಮರ ಹೆರೆದಾಗ ಬರುವ ಸುರುಳಿ ಹೊಟ್ಟು, ತೆಂಗಿನ ನಾರಿನ ಪುಡಿಯೂ ಆದೀತು. ನುಣುಪಾದ ಗರಗಸದ ಹೊಟ್ಟು ಗಾಳಿಗೆ ಎಡೆ ಕೊಡುವುದಿಲ್ಲ, ಬೇಡ. ನಾರಿನ ಪುಡಿಯ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ ಉಬ್ಬಿಸಿದವರು ಅದನ್ನು ಹಾಗೇ ಬಳಸಿಬಿಡುತ್ತಾರೆ. ಅಷ್ಟು ತೇವದಲ್ಲಿ ಎರಡೇ ವಾರದಲ್ಲಿ ಬೂಷ್ಟು ಬರುತ್ತದೆ. ಹರಡಿ ಒಣಗಿಸಿ, ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆ ಕಟ್ಟದೆ ಉದುರಬೇಕು, ಅಂಗೈಗೆ ತಂಪು ತಗುಲಬೇಕು, ಒದ್ದೆಯಾಗಬಾರದು. ಅದೇ ಹದ.

ಪೆಟ್ಟಿಗೆಯ ಒಳಗೆ ಅಲ್ಲಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಹಾಸಿ, 3 ಸೆಂ.ಮೀ. ಹೊಟ್ಟು ಹರಡಿ, ಗೆಡ್ಡೆಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಮೇಲೆ ಮತ್ತೆ ಹೊಟ್ಟು. ಹೀಗೆ ಎರಡು ಮೂರು ಪದರ ಸಾಕು, ಆಳ ಹೆಚ್ಚಾದರೆ ತಳದಲ್ಲಿ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಬಿಡಿಸಿದ ಗೆಡ್ಡೆಗಳಿಗೆ ಜಿಪ್ ಚೀಲವೂ ಆಗುತ್ತದೆ: ಐದಾರು ಗೆಡ್ಡೆ, ಅವು ಮುಳುಗುವಷ್ಟು ಒಣ ವರ್ಮಿಕ್ಯುಲೈಟ್, ಬಾಯಿ ಒಂದು ಬೆರಳಷ್ಟು ತೆರೆದು. ಮನೆಯೊಳಗೆ 20 ಡಿಗ್ರಿಗಿಂತ ಕೆಳಗೆ ಇಳಿಯದ ಕಡೆ ಇದೇ ಚೀಲಗಳನ್ನು ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಡಬಹುದು, ಹಣ್ಣುಗಳಿಂದ ದೂರ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಕಣ್ಣುಗಳಿಗೆ ಒಳ್ಳೆಯದಲ್ಲ. ಫ್ರಿಜ್ಜಿನ ಹವೆ ಒಣ, ಬರಿ ಗೆಡ್ಡೆ ಇಟ್ಟರೆ ಉಳಿಯದು. ಕುಂಡದಲ್ಲಿ ಬೆಳೆದ ಗಿಡವಾದರೆ ಇಷ್ಟೆಲ್ಲ ಬೇಕಿಲ್ಲ: ಕಾಂಡ ಕತ್ತರಿಸಿ, ಮಣ್ಣು ಒಣಗಿದ ಮೇಲೆ ಕುಂಡವನ್ನೇ ಮಳೆ ತಾಗದ ತಂಪು ಜಾಗದಲ್ಲಿ ಅಡ್ಡ ಮಲಗಿಸಿಡಿ. ಕುಂಡದ ಗೆಡ್ಡೆ ಸಣ್ಣದಿದ್ದರೂ ಗಟ್ಟಿ, ಬಹಳ ಚೆನ್ನಾಗಿ ಬಾಳುತ್ತದೆ.

ತಿಂಗಳಿಗೊಮ್ಮೆ ಬಿಚ್ಚಿ ನೋಡಿ, ಮೊದಲ ತಿಂಗಳು ಮಾತ್ರ ಎರಡು ಸಲ. ಗಾಯವಾದವು ಕೊಳೆಯುವುದು ಆಗಲೇ. ಬೆರಳಿಗೆ ಮೆತ್ತಗಾಗಿ, ಕಂದು ನೀರು ಒಸರುತ್ತಿದ್ದರೆ ಬಿಳಿ ಗಟ್ಟಿ ಭಾಗ ಸಿಗುವವರೆಗೆ ಕೊಯ್ದು, ಗಂಧಕ ಹಚ್ಚಿ, ಬೇರೆಯಾಗಿಡಿ. ಕೊಳೆ ಕುತ್ತಿಗೆಗೆ ಏರಿದ್ದರೆ ಬಿಸಾಡಿ. ಮೇಲೆ ಬಿಳಿ ಬೂಷ್ಟು ಮಾತ್ರ ಇದ್ದು ಒಳಗೆ ಗಟ್ಟಿಯಿದ್ದರೆ ಒರೆಸಿ, ಹೊಟ್ಟು ಬದಲಿಸಿ, ಗಾಳಿಗೆ ಎಡೆ ಮಾಡಿ. ಸ್ವಲ್ಪ ಸುಕ್ಕಿದ್ದರೆ ಹೊಟ್ಟಿನ ಮೇಲೆ ಸ್ಪ್ರೇಯಲ್ಲಿ ಒಂದೆರಡು ಸಲ ನೀರು ಹೊಡೆದು ಮುಚ್ಚಿ, ಗೆಡ್ಡೆಯನ್ನೇ ನೀರಲ್ಲಿ ಅದ್ದಬೇಡಿ. ಸುಕ್ಕಿದರೂ ಬಾಗಿಸಿದಾಗ ರಬ್ಬರಿನಂತೆ ಬಾಗಿದರೆ ಜೀವವಿದೆ, ಕಟ್ಟಿಗೆಯಂತೆ ಲಟಕ್ಕೆಂದರೆ ಇಲ್ಲ.

ನೆಡುವ ನಾಲ್ಕರಿಂದ ಆರು ವಾರ ಮೊದಲು ಗೆಡ್ಡೆಗಳನ್ನು ಹೊರತೆಗೆದು, ತಟ್ಟೆಯಲ್ಲಿ ತೇವದ ನಾರಿನ ಪುಡಿ ಹಾಕಿ, ಬುಡಗಂಟು ಮೇಲೆ ಕಾಣುವಂತೆ ಅರ್ಧ ಹುಗಿದು, 18-20 ಡಿಗ್ರಿಯ ಬೆಳಕಿರುವ ಕಡೆ ಇಡಿ. ಎರಡು ಮೂರು ವಾರದಲ್ಲಿ ಕಣ್ಣುಗಳು ಮೇಲೇಳುತ್ತವೆ. ಗೊಂಚಲು ಬಿಡಿಸಲು ಸರಿಯಾದ ಹೊತ್ತು ಇದೇ, ಎಲ್ಲಿ ಚಾಕು ಇಡಬೇಕೆಂದು ಗಿಡವೇ ತೋರಿಸುತ್ತದೆ. ಅಪರೂಪದ ತಳಿಯಾದರೆ ಚಿಗುರು 7-8 ಸೆಂ.ಮೀ. ಆದಾಗ ಬುಡದಲ್ಲಿ ಒಂದಿಷ್ಟೇ ಉಳಿಸಿ ಕತ್ತರಿಸಿ ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ, ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ. ಒಂದೇ ಗೆಡ್ಡೆಯಿಂದ ಹೀಗೆ ಹಲವು ಗಿಡ ಮಾಡಿಕೊಳ್ಳಬಹುದು. ಕಳೆದ ವರ್ಷ ನೀವು ನೆಟ್ಟಂಥ ಬಿಡಿ ಗೆಡ್ಡೆಗಳ ಬಗ್ಗೆ ಅನುಮಾನವಿದ್ದರೆ ಅವನ್ನೂ ಇದೇ ತಟ್ಟೆಯಲ್ಲಿಟ್ಟು ನೋಡಿ. ಆರು ವಾರ ಕಳೆದರೂ ಬುಡಗಂಟಿನ ಕಡೆ ಉಬ್ಬು ಕಾಣದಿದ್ದರೆ ಆ ಜಾಗವನ್ನು ಬೇರೆ ಗೆಡ್ಡೆಗೆ ಕೊಡಿ.